ಪೆನ್‌ಡ್ರೈವ್ ‘ಫಾರ್ಮ್ಯಾಟ್ ಮಾಡಿ’ ಎಂದಾಗ ಏನು ಮಾಡಬೇಕು?

ಪ್ರಶ್ನೆ: ನಿನ್ನೆಯವರೆಗೂ ಸರಿಯಾಗಿದ್ದ ಪೆನ್‌ಡ್ರೈವನ್ನು ಇಂದು ಕಂಪ್ಯೂಟರಿಗೆ ಸಿಕ್ಕಿಸಿದರೆ, ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆ ಬರುತ್ತಿದೆ. ಅದರಲ್ಲಿದ್ದ ಫೋಟೊಗಳೂ ದಾಖಲೆಗಳೂ ಅಳಿಸಿಹೋದವೇ? ಡ್ರೈವನ್ನು ಮತ್ತೆ ಬಳಸಬಹುದೇ?

ಉತ್ತರ: ಆ ಸೂಚನೆಗೆ ಒಪ್ಪಿಗೆ ಕೊಡಬೇಡಿ, ರದ್ದು ಮಾಡಿ. ಈ ಹಂತದಲ್ಲಿ ಬಹಳಷ್ಟು ಬಾರಿ ಕಡತಗಳು ಇನ್ನೂ ಡ್ರೈವಿನಲ್ಲೇ ಇರುತ್ತವೆ, ಅವು ಎಲ್ಲಿವೆ ಎಂಬ ವಿವರ ಮಾತ್ರ ಕೆಟ್ಟಿರುತ್ತದೆ. ಯಾವ ಕಡತ ಯಾವ ಜಾಗದಲ್ಲಿದೆ ಎಂಬುದನ್ನು ಡ್ರೈವಿನ ಆರಂಭದ ಭಾಗದಲ್ಲಿರುವ ಕೋಷ್ಟಕವೊಂದು ದಾಖಲಿಸಿಕೊಂಡಿರುತ್ತದೆ. ಬರೆಯುವ ಕೆಲಸ ಮುಗಿಯುವ ಮೊದಲೇ ಡ್ರೈವನ್ನು ಕಿತ್ತರೆ ಅಥವಾ ವಿದ್ಯುತ್ ಹೋದರೆ ಈ ಕೋಷ್ಟಕ ಅರ್ಧಂಬರ್ಧ ಉಳಿಯುತ್ತದೆ. ಆಗ ಅದನ್ನು ಅರ್ಥಮಾಡಿಕೊಳ್ಳಲಾಗದ ವಿಂಡೋಸ್, ಡ್ರೈವನ್ನು ಖಾಲಿ ಮಾಧ್ಯಮವೆಂದೇ ಭಾವಿಸಿ ಫಾರ್ಮ್ಯಾಟ್ ಮಾಡಲು ಅನುಮತಿ ಕೇಳುತ್ತದೆ. ಕ್ವಿಕ್ ಫಾರ್ಮ್ಯಾಟ್ ಹೊಸ ಕೋಷ್ಟಕವನ್ನಷ್ಟೇ ಬರೆಯುವುದರಿಂದ ಅದರ ನಂತರವೂ ಸ್ವಲ್ಪ ಆಸೆ ಉಳಿಯುತ್ತದೆ. ಆದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಡ್ರೈವಿನ ಉದ್ದಕ್ಕೂ ಸೊನ್ನೆಗಳನ್ನು ಬರೆಯುವುದು. ಅದಾದ ಮೇಲೆ ಹಿಂದಿನ ಕಡತಗಳನ್ನು ಯಾವ ತಂತ್ರಾಂಶವೂ ತಂದುಕೊಡಲಾರದು.

ಮುಂದಿನ ಹೆಜ್ಜೆ ಇಡುವ ಮೊದಲು, ನಿಮಗೆ ಬೇಕಿರುವುದು ಡ್ರೈವೋ ಅದರೊಳಗಿನ ಕಡತಗಳೋ ಎಂಬುದನ್ನು ನಿರ್ಧರಿಸಿಕೊಳ್ಳಿ. ಡ್ರೈವನ್ನು ಸರಿಪಡಿಸಲು ಹೇಳುವ ಉಪಾಯಗಳಲ್ಲಿ ಬಹುತೇಕ ಎಲ್ಲವೂ ಅದರ ಮೇಲೆ ಹೊಸದಾಗಿ ಏನನ್ನಾದರೂ ಬರೆಯುತ್ತವೆ. ಕಡತಗಳನ್ನು ಉಳಿಸಿಕೊಳ್ಳಬೇಕಾದವರು ಮಾಡಬಾರದ್ದು ಅದೊಂದೇ. ನಿಮ್ಮ ಪ್ರಶ್ನೆಯಲ್ಲಿ ಫೋಟೊಗಳ ಮಾತು ಮೊದಲು ಬಂದಿರುವುದರಿಂದ, ಕಡತಗಳೇ ಮುಖ್ಯವೆಂದು ಭಾವಿಸಿ ಉತ್ತರಿಸುತ್ತಿದ್ದೇನೆ.

ಮೊದಲಿಗೆ ಕಂಪ್ಯೂಟರಿನ ಇನ್ನೊಂದು ಪೋರ್ಟಿಗೆ, ಹಬ್ ಇಲ್ಲದೆ ನೇರವಾಗಿ ಸಿಕ್ಕಿಸಿ ನೋಡಿ. ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಲ್ಲೂ ಪರೀಕ್ಷಿಸಿ. ಅಲ್ಲೂ ಅದೇ ಸೂಚನೆ ಬಂದರೆ, ಸಿಕ್ಕಿಸಿದ ಡಿಸ್ಕುಗಳನ್ನೆಲ್ಲ ಪಟ್ಟಿಮಾಡಿ ತೋರಿಸುವ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಅಲ್ಲಿ ಡ್ರೈವಿನ ಗಾತ್ರ ಎಷ್ಟೆಂದು ತೋರಿಸುತ್ತಿದೆ ಎಂಬುದನ್ನು ಗಮನಿಸಿ. ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯಲ್ಲಿ ಇಷ್ಟು ಸುಲಭವಾಗಿ ಇಷ್ಟೊಂದನ್ನು ತಿಳಿಸುವ ಗುರುತು ಬೇರೊಂದಿಲ್ಲ. 32 ಜಿಬಿ ಡ್ರೈವ್ ಸುಮಾರು 29 ಜಿಬಿ ಎಂದು ಕಾಣಿಸಿ, ಪಕ್ಕದಲ್ಲಿ ‘ರಾ’ (RAW, ಅಂದರೆ ಕಡತಗಳ ವ್ಯವಸ್ಥೆಯನ್ನು ವಿಂಡೋಸ್ ಗುರುತಿಸಲಾಗದ ಸ್ಥಿತಿ) ಎಂದಿದ್ದರೆ ಗಾಬರಿ ಬೇಡ: ಯಂತ್ರಾಂಶ ಉತ್ತರ ಕೊಡುತ್ತಿದೆ, ಕೆಟ್ಟಿರುವುದು ಹೆಚ್ಚಾಗಿ ಕೋಷ್ಟಕ ಮಾತ್ರ. ಗಾತ್ರವೆಲ್ಲ ಸರಿಯಿದ್ದು, ಡ್ರೈವನ್ನು ಗುರುತಿಸಲು ವಿಂಡೋಸ್ ಕೊಡುವ E:, F: ಮುಂತಾದ ಅಕ್ಷರವೊಂದೇ ಇಲ್ಲದಿದ್ದರೆ ಹೊಸ ಡ್ರೈವ್ ಅಕ್ಷರವನ್ನು ಕೊಟ್ಟರೆ ಸಾಕು. ಆದರೆ ‘ನೋ ಮೀಡಿಯಾ’ ಎಂದೋ ಸೊನ್ನೆ ಬೈಟ್ ಎಂದೋ ಬಂದರೆ ಸಮಸ್ಯೆ ಬೇರೆಯದು. ಪೆನ್‌ಡ್ರೈವಿನೊಳಗೆ ದತ್ತಾಂಶ ಹಿಡಿದಿಡುವ ಫ್ಲ್ಯಾಶ್ ಸ್ಮೃತಿಯಲ್ಲದೆ ಅದನ್ನು ನಡೆಸುವ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಕೂಡ ಇರುತ್ತದೆ. ಇಲ್ಲಿ ಕಂಟ್ರೋಲರ್ ಕಂಪ್ಯೂಟರಿನೊಂದಿಗೆ ಮಾತನಾಡುತ್ತಿದೆ, ಆದರೆ ಸ್ಮೃತಿಯನ್ನು ಓದಲು ಅದಕ್ಕೆ ಆಗುತ್ತಿಲ್ಲ. ಇದಕ್ಕೆ ಮನೆಯಲ್ಲಿ ಮಾಡಬಹುದಾದ ಸುರಕ್ಷಿತ ಪರಿಹಾರವಿಲ್ಲ. ದತ್ತಾಂಶ ಮರುಗಳಿಕೆಯಲ್ಲಿ ಪಳಗಿದವರಿಗೆ ಕೊಡುವುದೇ ಸರಿ.

ಡ್ರೈವ್ ಎಲ್ಲೂ ಕಾಣಿಸದಿದ್ದರೆ ಸಂಪರ್ಕದ ಭಾಗವನ್ನು ಸಂಶಯಿಸಬೇಕು. ಲೋಹದ ತುದಿ ಅಲುಗಾಡುತ್ತಿದ್ದರೆ ಬೆಸುಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು, ಮತ್ತು ಅನುಭವಿ ತಂತ್ರಜ್ಞರು ಅದನ್ನು ಮರುಬೆಸೆದು ಕಡತಗಳನ್ನು ಪಡೆಯಬಲ್ಲರು. ಸಂಪರ್ಕ ಸಿಗಲೆಂದು ಅದನ್ನು ಬಗ್ಗಿಸಿ ಹಿಡಿಯುವುದು ಅಪಾಯ: ಬೋರ್ಡಿನ ತಾಮ್ರದ ಗೆರೆಗಳೇ ಕಿತ್ತುಬರಬಹುದು. ಸಿಕ್ಕಿಸಿದ ಕೂಡಲೇ ಡ್ರೈವ್ ಸುಡುವಷ್ಟು ಬಿಸಿಯಾದರೆ ತಕ್ಷಣ ತೆಗೆಯಿರಿ, ಮತ್ತೆ ಸಿಕ್ಕಿಸಬೇಡಿ.

ಈಗ ನಿಮ್ಮ ಡ್ರೈವ್ ಸರಿಯಾದ ಗಾತ್ರ ತೋರಿಸುತ್ತಿದೆ ಎಂದುಕೊಳ್ಳೋಣ. ಮೊದಲು ಇಡೀ ಡ್ರೈವಿನ ಯಥಾಪ್ರತಿಯನ್ನು, ಅಂದರೆ ಡಿಸ್ಕ್ ಇಮೇಜನ್ನು, ಸಾಕಷ್ಟು ಜಾಗವಿರುವ ಬೇರೊಂದು ಡಿಸ್ಕಿಗೆ ಮಾಡಿಕೊಳ್ಳಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಈ ಕೆಲಸಕ್ಕೆ ಅತ್ಯುತ್ತಮ. ಅದು ಓದಲು ಸುಲಭವಾದ ಭಾಗಗಳನ್ನು ಮೊದಲು ಎತ್ತಿಕೊಂಡು, ಮೊಂಡು ಹಿಡಿಯುವ ಭಾಗಗಳನ್ನು ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ. ಉಚಿತವಾಗಿ ಸಿಗುವ ಟೆಸ್ಟ್‌ಡಿಸ್ಕ್ ವಿಂಡೋಸ್‌ನಲ್ಲೂ ನಡೆಯುತ್ತದೆ, ಅದರಲ್ಲೂ ಇಮೇಜ್ ತೆಗೆಯುವ ಸೌಲಭ್ಯವಿದೆ. ಬಳಿಕ ಪ್ರಯೋಗವೆಲ್ಲ ಪ್ರತಿಯ ಮೇಲೆಯೇ ನಡೆಯಲಿ: ಟೆಸ್ಟ್‌ಡಿಸ್ಕ್‌ನಿಂದ ಹಳೆಯ ಕಡತಗಳ ಪಟ್ಟಿ ಹುಡುಕಿಸಿ, ಸಿಕ್ಕರೆ ಹೆಸರು, ಫೋಲ್ಡರ್ ಸಮೇತ ನಕಲು ಮಾಡಿಕೊಳ್ಳಿ. ಸಿಗದಿದ್ದರೆ ಅದರ ಜೊತೆಗೇ ಬರುವ ಫೋಟೊರೆಕ್ ಇದೆ. ಅದು ಕೋಷ್ಟಕವನ್ನು ನೆಚ್ಚದೆ, ಜೆಪಿಇಜಿ, ಪಿಡಿಎಫ್ ಮುಂತಾದ ಬಗೆಗಳ ಆರಂಭದ ಗುರುತುಗಳನ್ನು ಹುಡುಕಿ ಕಡತಗಳನ್ನು ಹೊರತೆಗೆಯುತ್ತದೆ. ಆಗ ಮೂಲ ಹೆಸರುಗಳು ಉಳಿಯುವುದಿಲ್ಲ, ಚೂರುಚೂರಾಗಿ ಹಂಚಿಹೋಗಿದ್ದ ಕಡತಗಳು ಪೂರ್ತಿ ಬರದಿರಲೂಬಹುದು. ಆದರೂ ಫೋಟೊಗಳ ಮಟ್ಟಿಗೆ ಫಲಿತಾಂಶ ಸಾಮಾನ್ಯವಾಗಿ ಸಮಾಧಾನಕರ. ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಬಳಸಿ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ‘ರಾ’ ಎಂದು ಕಾಣುವ ಡ್ರೈವಿನ ಮೇಲೆ ಅದು ಕೆಲಸವನ್ನೇ ಮಾಡುವುದಿಲ್ಲ, ಮಾಡುವ ಕಡೆಯೂ ಅದು ಕೋಷ್ಟಕವನ್ನು ತಿದ್ದುತ್ತದಾದ್ದರಿಂದ ಪ್ರತಿ ತೆಗೆಯುವ ಮುನ್ನ ಅದರ ಗೋಜಿಗೆ ಹೋಗಬೇಡಿ.

ಕಡತಗಳು ಕೈಸೇರಿ, ಕೆಲವನ್ನು ತೆರೆದು ನೋಡಿ ಖಚಿತಪಡಿಸಿಕೊಂಡ ಮೇಲೆ ಡ್ರೈವಿನ ಕಡೆಗೆ ಬರಬಹುದು. ಈಗ ಪೂರ್ಣ ಫಾರ್ಮ್ಯಾಟ್ ಮಾಡಿ, ನಂತರ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ತಂತ್ರಾಂಶದಿಂದ ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದೇ ಓದಲು ಸಿಗುತ್ತಿದೆಯೇ ಎಂದು ಪರೀಕ್ಷಿಸಿ. ಹೇಳಿಕೊಂಡಷ್ಟು ಸಾಮರ್ಥ್ಯವಿಲ್ಲದ ನಕಲಿ ಡ್ರೈವುಗಳು ಸಿಕ್ಕಿಬೀಳುವುದೂ ಈ ಪರೀಕ್ಷೆಯಲ್ಲೇ. ಒಂದೇ ಒಂದು ದೋಷ ಕಂಡರೂ ಆ ಡ್ರೈವನ್ನು ಮತ್ತೆ ಬಳಸಬೇಡಿ. ಕಡತಗಳನ್ನು ಓದಲು ಬಿಟ್ಟು, ಬರೆಯಲು ಹೋದರೆ ‘ರೈಟ್ ಪ್ರೊಟೆಕ್ಟೆಡ್’ ಎನ್ನುವ ಡ್ರೈವಿನಲ್ಲಿ ಮೊದಲು ಬದಿಯ ಲಾಕ್ ಗುಂಡಿ ಇದೆಯೇ ನೋಡಿ; ಇಲ್ಲವಾದರೆ ಸವೆದ ಸ್ಮೃತಿಯನ್ನು ಕಾಪಾಡಲು ಕಂಟ್ರೋಲರೇ ಬರೆಯುವುದನ್ನು ನಿಲ್ಲಿಸಿರುವ ಸಾಧ್ಯತೆ ಇದೆ. ಅಂಥ ಡ್ರೈವಿನಿಂದ ಬೇಕಾದುದನ್ನು ಅಂದೇ ನಕಲು ಮಾಡಿಕೊಂಡು ಹೊಸದನ್ನು ಕೊಳ್ಳಿ.