ಹಿಮದಲ್ಲಿ ನಿಂತ ಹೃದಯ, ರಕ್ತದಲ್ಲಿ ಏರಿದ ಪೊಟ್ಯಾಸಿಯಂ

1986ರ ಮೇ 12ರಂದು ಅಮೆರಿಕದ ಆರೆಗಾನ್ ರಾಜ್ಯದ ಮೌಂಟ್ ಹುಡ್ ಪರ್ವತ ಹತ್ತಲು ಹೊರಟ ಶಾಲಾ ವಿದ್ಯಾರ್ಥಿಗಳ ತಂಡವೊಂದು ಬಿರುಗಾಳಿಗೆ ಸಿಕ್ಕಿಕೊಂಡಿತು. ಹಿಮದಲ್ಲಿ ಗುಹೆ ತೋಡಿಕೊಂಡು ಒಳಗೆ ಒತ್ತೊತ್ತಾಗಿ ಕುಳಿತವರನ್ನು ರಕ್ಷಣಾ ತಂಡ ಪತ್ತೆ ಹಚ್ಚಿದ್ದು ಮೂರು ದಿನಗಳ ನಂತರ. ಗುಹೆಯಲ್ಲಿದ್ದ ಎಂಟು ಮಂದಿಯಲ್ಲಿ ಬದುಕುಳಿದವರು ಇಬ್ಬರೇ. ಆ ದುರಂತದಲ್ಲಿ ಏಳು ವಿದ್ಯಾರ್ಥಿಗಳೂ ಸೇರಿ ಒಟ್ಟು ಒಂಬತ್ತು ಮಂದಿ ತೀರಿಕೊಂಡರು. ಚಿಕಿತ್ಸೆ ನೀಡಿದ ವೈದ್ಯರು ಮರುವರ್ಷ ತಮ್ಮ ಅನುಭವವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ದಾಖಲಿಸಿದರು. ಜೀವಕೋಶಗಳು ನಾಶವಾಗಿರುವುದನ್ನು ತೋರುವ ಕೆಲವು ರಕ್ತಪರೀಕ್ಷೆಗಳು ಯಾರು ಉಳಿಯಲಾರರು ಎಂಬುದನ್ನು ಮೊದಲೇ ಹೇಳಬಲ್ಲವು ಎಂಬುದು ಅವರು ಕಂಡುಕೊಂಡ ಸಂಗತಿ. ಆ ಪರೀಕ್ಷೆಗಳಲ್ಲಿ ಮುಖ್ಯವಾದದ್ದು ಪೊಟ್ಯಾಸಿಯಂ.

ಇಂಥ ಸುಳಿವಿಗಾಗಿ ವೈದ್ಯರು ಹಂಬಲಿಸಿದ್ದಕ್ಕೆ ಕಾರಣವಿದೆ. ದೇಹದ ಒಳಗಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ವ್ಯಕ್ತಿಯನ್ನೂ ಶವವನ್ನೂ ಬರಿಗಣ್ಣಿನಿಂದ ಬೇರ್ಪಡಿಸುವುದು ಬಹಳ ಕಷ್ಟ. ಮೈ ಸೆಟೆದಿರುತ್ತದೆ, ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುವುದಿಲ್ಲ, ನಾಡಿ ಕೈಗೆ ಸಿಗುವುದಿಲ್ಲ. ಆದರೆ ಕೊಲ್ಲುವ ಚಳಿಯೇ ಮಿದುಳನ್ನು ಕಾಯುತ್ತಲೂ ಇರುತ್ತದೆ, ಏಕೆಂದರೆ ತಣ್ಣಗಾದ ಮಿದುಳಿಗೆ ಬೇಕಾಗುವ ಆಮ್ಲಜನಕ ತೀರಾ ಕಡಿಮೆ. ಆದ್ದರಿಂದಲೇ ಮೈ ಬೆಚ್ಚಗಾದ ಮೇಲೂ ಜೀವದ ಲಕ್ಷಣ ಕಾಣದಿದ್ದರೆ ಮಾತ್ರ ಸಾವನ್ನು ಘೋಷಿಸಬೇಕು ಎಂಬ ಹಳೆಯ ನಿಯಮ ಹುಟ್ಟಿಕೊಂಡಿತು. ನಿಯಮ ಒಳ್ಳೆಯದೇ. ಆದರೆ ಹೃದಯ ನಿಂತವರನ್ನು ಬೆಚ್ಚಗಾಗಿಸಲು ಹೃದಯ-ಶ್ವಾಸಕೋಶ ಯಂತ್ರ ಅಥವಾ ಎಕ್ಮೋ (ರಕ್ತವನ್ನು ಹೊರತೆಗೆದು ಆಮ್ಲಜನಕ ಸೇರಿಸಿ ದೇಹಕ್ಕೆ ಮರಳಿಸುವ ಯಂತ್ರ) ಬೇಕು, ನುರಿತ ತಂಡ ಬೇಕು, ಗಂಟೆಗಟ್ಟಲೆ ಸಮಯ ಬೇಕು. ಹಿಮಕುಸಿತದಡಿಯಿಂದ ಒಮ್ಮೆಗೇ ಐದಾರು ಮಂದಿಯನ್ನು ಹೊರತೆಗೆದರೆ ಇರುವ ಒಂದು ಯಂತ್ರಕ್ಕೆ ಯಾರನ್ನು ಜೋಡಿಸುವುದು?

ಪೊಟ್ಯಾಸಿಯಂ ಉತ್ತರ ಕೊಡುವುದು ಹೀಗೆ. ದೇಹದಲ್ಲಿರುವ ಪೊಟ್ಯಾಸಿಯಂನ ಸುಮಾರು ಶೇ 98 ಭಾಗ ಜೀವಕೋಶಗಳ ಒಳಗೇ ಇರುತ್ತದೆ. ರಕ್ತದ ದ್ರವಭಾಗದಲ್ಲಿ ಸಾಮಾನ್ಯವಾಗಿ ಇರುವುದು ಲೀಟರಿಗೆ 3.5ರಿಂದ 5 ಮಿಲಿಮೋಲ್ (ರಕ್ತದಲ್ಲಿ ಕರಗಿದ ವಸ್ತುವಿನ ಪ್ರಮಾಣ ಹೇಳುವ ಮಾನ) ಮಾತ್ರ. ಕೋಶದ ಪೊರೆಯಲ್ಲಿರುವ ಪಂಪ್‌ನಂಥ ಪ್ರೋಟೀನು ಸೋಡಿಯಂ ಅನ್ನು ಹೊರದೂಡಿ ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತದೆ. ಡೆನ್ಮಾರ್ಕ್‌ನ ಯೆನ್ಸ್ ಸ್ಕೌ 1957ರಲ್ಲಿ ಈ ಪಂಪನ್ನು ವಿವರಿಸಿದರು. ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಮೈ ತಣ್ಣಗಾಗತೊಡಗಿದಾಗ ರಕ್ತದ ಪೊಟ್ಯಾಸಿಯಂ ಏರುವುದಿಲ್ಲ, ಬದಲಿಗೆ ಕೋಶಗಳೊಳಕ್ಕೆ ಸರಿದು ತುಸು ಇಳಿಯುವುದೇ ಹೆಚ್ಚು. ಅದು ವಿಪರೀತ ಏರುವುದು ಆಮ್ಲಜನಕವಿಲ್ಲದೆ ಪಂಪ್ ನಿಂತು, ಕೋಶಗಳೇ ಒಡೆದಾಗ.

ಎಂದರೆ ಈ ಪರೀಕ್ಷೆ ಅಳೆಯುವುದು ಚಳಿಯನ್ನಲ್ಲ, ಯಾವುದು ಮೊದಲಾಯಿತು ಎಂಬುದನ್ನು. ಉಸಿರಾಡುತ್ತಲೇ ನಿಧಾನವಾಗಿ ತಣ್ಣಗಾಗಿ ಆಮೇಲೆ ಹೃದಯ ನಿಂತಿದ್ದರೆ ಕೋಶಗಳು ಇನ್ನೂ ಗಟ್ಟಿಯಾಗಿರುತ್ತವೆ. ಮೊದಲು ಉಸಿರುಕಟ್ಟಿ ಸತ್ತು, ಆಮೇಲೆ ತಣ್ಣಗಾದ ದೇಹದಲ್ಲಿ ಪೊಟ್ಯಾಸಿಯಂ ಹೊರಗೆ ಸುರಿದಿರುತ್ತದೆ. ಮೊದಲನೆಯದಕ್ಕೆ ನಾರ್ವೆಯ ನಾರ್ವಿಕ್ ಬಳಿ 1999ರ ಮೇ ತಿಂಗಳಲ್ಲಿ ಆದ ಅಪಘಾತ ಸಾಕ್ಷಿ. ಸ್ಕೀಯಿಂಗ್ ಮಾಡುತ್ತಿದ್ದ ಸ್ವೀಡನ್ನಿನ ವೈದ್ಯೆ ಆನಾ ಬೋಗೆನ್‌ಹೋಲ್ಮ್ ತೊರೆಯ ಮಂಜುಗಡ್ಡೆಯಡಿ 80 ನಿಮಿಷ ಸಿಕ್ಕಿಕೊಂಡರು. ಮೊದಲ 40 ನಿಮಿಷ ಅವರಿಗೆ ಅಲ್ಲೊಂದು ಗಾಳಿಯ ಪೊಳ್ಳು ದೊರಕಿತ್ತು, ಉಸಿರಾಡುತ್ತಲೇ ತಣ್ಣಗಾದರು. ಮೈಯುಷ್ಣತೆ 13.7 ಡಿಗ್ರಿಗೆ ಇಳಿದಿದ್ದರೂ ಟ್ರೊಮ್ಸೊ ಆಸ್ಪತ್ರೆಯಲ್ಲಿ ಮರಳಿ ಜೀವ ಪಡೆದರು, ಮುಂದೆ ಅದೇ ಆಸ್ಪತ್ರೆಯಲ್ಲಿ ರೇಡಿಯಾಲಜಿ ವೈದ್ಯೆಯಾದರು.

ಗಡಿ ಎಲ್ಲಿ ಎಳೆಯಬೇಕು ಎಂಬುದು ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. 1990ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೈದ್ಯರು ಉಳಿದವರ ಮತ್ತು ಅಳಿದವರ ಪೊಟ್ಯಾಸಿಯಂ ಮಟ್ಟಗಳ ನಡುವೆ ದೊಡ್ಡ ಅಂತರವಿರುವುದನ್ನು ತೋರಿಸಿದರು. 1994ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನವರು 9 ಮಿಲಿಮೋಲ್ ದಾಟಿದರೆ ಮರಳುವ ಆಸೆಯಿಲ್ಲ ಎಂದರು. ಅಷ್ಟರಲ್ಲೇ ಮೂರು ವರ್ಷವೂ ತುಂಬದ ಮಗುವೊಂದು 11.8 ಇದ್ದರೂ ಬದುಕಿದ ವರದಿ 1996ರಲ್ಲಿ ಬಂದಿತು. ಗಡಿ ದಾಟಿದವರು ಒಬ್ಬರೇ ಬದುಕಿದರೂ ಗಡಿಯನ್ನು ಮೇಲಕ್ಕೆ ಸರಿಸಲೇಬೇಕು. ಇಲ್ಲಿ ಸರಾಸರಿಯ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಮಾರ್ಗಸೂಚಿಗಳು 12ಕ್ಕೆ ಏರಿದವು. ಉಸಿರುಕಟ್ಟುವುದೇ ಹೆಚ್ಚಾಗಿರುವ ಹಿಮಕುಸಿತದ ಮಟ್ಟಿಗೆ ಗಡಿ ಮುಂದೆ 8ಕ್ಕೆ, 2019ರ ಅಧ್ಯಯನವೊಂದರ ಬಳಿಕ 7ಕ್ಕೆ ಇಳಿಯಿತು.

ಒಂದೇ ಅಂಕಿಗೆ ಇಷ್ಟು ಭಾರ ಹೊರಿಸಿದ್ದೇ ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ. ರಕ್ತ ತೆಗೆಯುವ ಕೈಯನ್ನೊಮ್ಮೆ ನೋಡಿ. ಮರಗಟ್ಟಿದ ತೋಳಿನಲ್ಲಿ ನರ ಸಿಗುವುದಿಲ್ಲ. ತೆಳುವಾದ ಸೂಜಿ ಚುಚ್ಚಿ, ಸಿರಿಂಜನ್ನು ಬಲವಾಗಿ ಎಳೆದರೆ ಕೆಂಪು ರಕ್ತಕಣಗಳು ಸೂಜಿಯಲ್ಲೇ ಒಡೆಯುತ್ತವೆ, ಅವುಗಳೊಳಗಿನ ಪೊಟ್ಯಾಸಿಯಂ ಮಾದರಿಗೆ ಸೇರುತ್ತದೆ. ಪ್ರಯೋಗಾಲಯದಲ್ಲಿ ರಕ್ತವನ್ನು ತಿರುಗಿಸಿ ಬೇರ್ಪಡಿಸಿದಾಗ ಮೇಲಿನ ದ್ರವ ಗುಲಾಬಿ ಬಣ್ಣಕ್ಕೆ ತಿರುಗಿರುವುದು ಕಂಡು ತಂತ್ರಜ್ಞರು ಎಚ್ಚರಿಸುತ್ತಾರೆ. ಹಾಸಿಗೆಯ ಬಳಿಯೇ ಇಡೀ ರಕ್ತವನ್ನು ಪರೀಕ್ಷಿಸುವ ಪುಟ್ಟ ಯಂತ್ರಗಳ ಪೈಕಿ ಹೆಚ್ಚಿನವುಗಳಲ್ಲಿ ಆ ಬಣ್ಣ ಕಾಣುವ ಅವಕಾಶವೇ ಇಲ್ಲ. ಅಂಥ ಸುಳ್ಳು ಏರಿಕೆಯನ್ನು ನಂಬಿ, ನಿಂತ ಹೃದಯದ ಬದಲಿಗೆ ರಕ್ತ ಹರಿಸಲೆಂದು ಎದೆ ಒತ್ತುವುದನ್ನು ನಿಲ್ಲಿಸಿಬಿಟ್ಟರೆ ಆ ತಪ್ಪನ್ನು ತಿದ್ದಲು ಸಾಧ್ಯವೇ ಇಲ್ಲ.

ಕನ್ನಡಿಗರಿಗೆ ಹಿಮದ ಈ ಕಥೆ ದೂರದ್ದೇನಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕ ಹತ್ತು ಯೋಧರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದ್ದರು. ಅವರ ಹೃದಯ ಬಡಿಯುತ್ತಿತ್ತು. ಹಾಗಿರುವವರ ವಿಷಯದಲ್ಲಿ ಪೊಟ್ಯಾಸಿಯಂ ನೋಡಿ ಉಳಿಸುವ ಪ್ರಯತ್ನವನ್ನೇ ಕೈಬಿಡುವ ಪ್ರಶ್ನೆ ಏಳುವುದಿಲ್ಲ. ಈ ಗಡಿಗಳೆಲ್ಲ ಹೃದಯ ನಿಂತವರಿಗಾಗಿ ಮಾತ್ರ. ಫೆಬ್ರವರಿ 11ರಂದು ಅವರು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಇಡೀ ನಾಡು ಮರುಗಿತ್ತು.

2018ರಲ್ಲಿ ಲೊಸಾನ್‌ನ ಮ್ಯಾಥ್ಯೂ ಪಾಸ್ಕಿಯೆ ಮತ್ತು ಸಂಗಡಿಗರು 286 ರೋಗಿಗಳ ವಿವರ ಕಲೆಹಾಕಿ 'ಹೋಪ್' ಎಂಬ ಅಂಕಪಟ್ಟಿ ರೂಪಿಸಿದರು. ಅದರಲ್ಲಿ ಪೊಟ್ಯಾಸಿಯಂ ಜೊತೆಗೆ ವಯಸ್ಸು, ಲಿಂಗ, ದೇಹದ ಒಳಗಿನ ಉಷ್ಣತೆ, ಉಸಿರುಕಟ್ಟಿತ್ತೇ ಇಲ್ಲವೇ ಎಂಬುದು, ಎದೆ ಒತ್ತಿದ ಅವಧಿ ಇವೆಲ್ಲ ಸೇರಿ ಬದುಕುವ ಸಾಧ್ಯತೆಯನ್ನು ಲೆಕ್ಕ ಹಾಕಲಾಗುತ್ತದೆ. ಶೇ 10 ಅಥವಾ ಹೆಚ್ಚು ಬಂದರೆ ಯಂತ್ರಕ್ಕೆ ಜೋಡಿಸಬಹುದು. 2021ರ ಯುರೋಪಿನ ಮಾರ್ಗಸೂಚಿಯೂ ಇದನ್ನು ಒಪ್ಪಿತು. ಪೊಟ್ಯಾಸಿಯಂ ಗಡಿ ದಾಟಿದೆ ಎಂದಷ್ಟಕ್ಕೇ ಕೈಬಿಡಬಹುದಾಗಿದ್ದ ರೋಗಿಯ ಬಗ್ಗೆ ಈಗ ಇನ್ನೈದು ಪ್ರಶ್ನೆಗಳನ್ನು ಕೇಳಲೇಬೇಕು. ಅಂಕಿಯ ಮೇಲೆ ಅನುಮಾನ ಬಂದರೆ, ಎದೆ ಒತ್ತುವುದನ್ನು ನಿಲ್ಲಿಸದೆ, ಬೇರೆ ಕಡೆಯಿಂದ ರಕ್ತ ತೆಗೆದು ಮತ್ತೊಮ್ಮೆ ಪರೀಕ್ಷಿಸಬೇಕು.