ಅರ್ಧ ಆನ್‌ಲೈನ್ ಅಂದರೆ ಅರ್ಧ ಓದು ಅಲ್ಲ

ಪ್ರಶ್ನೆ: ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ಇನ್ಫರ್ಮೇಷನ್ ಸಿಸ್ಟಮ್ಸ್ ಕೋರ್ಸ್ ಹೈಬ್ರಿಡ್ ರೂಪದಲ್ಲಿ ಸಿಗುತ್ತಿದೆ. ವಾರಕ್ಕೆ ಒಂದು ದಿನ ಮಾತ್ರ ಕಾಲೇಜು, ಉಳಿದದ್ದು ಆನ್‌ಲೈನ್. ಅಂದರೆ ಓದಿನ ಹೊರೆ ಅರ್ಧ ಆಗುತ್ತದೆ ಅಲ್ವಾ? ಸೇರಿಕೊಳ್ಳಲೇ?

ಸೇರಿಕೊಳ್ಳಿ. ಕೆಲಸ ಮಾಡುತ್ತಾ ಓದುವವರಿಗೆ ಇದು ಒಳ್ಳೆಯ ದಾರಿ. ಆದರೆ ನಿಮ್ಮ ಪ್ರಶ್ನೆಯೊಳಗೆ ಒಂದು 'ಅರ್ಧ' ಕೂತಿದೆಯಲ್ಲ, ಅದನ್ನು ಮೊದಲು ಎಬ್ಬಿಸಿ ಕಳಿಸಬೇಕು. ಪ್ರತಿ ಸೆಮಿಸ್ಟರ್ ಶುರುವಾಗುವಾಗಲೂ ಇದೇ ಪ್ರಶ್ನೆ ಬರುತ್ತದೆ. ನಾನೂ ಇದೇ ಉತ್ತರ ಹೇಳುತ್ತೇನೆ. ಆರನೇ ವಾರದ ಹೊತ್ತಿಗೆ ಯಾರಾದರೂ ಸುಸ್ತಾದ ಮುಖ ಹೊತ್ತು ಬಂದು, "ಇಷ್ಟೊಂದು ಇರುತ್ತೆ ಅಂತ ಗೊತ್ತೇ ಇರಲಿಲ್ಲ" ಅನ್ನುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಕೋರ್ಸಿನ ತೂಕ ಇರುವುದು ಕ್ರೆಡಿಟ್‌ನಲ್ಲಿ, ಕ್ಲಾಸ್‌ರೂಮಿನಲ್ಲಿ ಅಲ್ಲ. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ 1 ಗಂಟೆ ಪಾಠ, ಅದರ ಮೇಲೆ ಕನಿಷ್ಠ 2 ಗಂಟೆ ಸ್ವಂತ ಓದು. ಸುಮಾರು 15 ವಾರ ಹೀಗೆ. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ ಒಟ್ಟು 25ರಿಂದ 30 ಗಂಟೆ ಕೆಲಸ ಎಂದು ಎಣಿಸುತ್ತಾರೆ. ಎರಡೂ ಕಡೆ ಲೆಕ್ಕಕ್ಕೆ ಬರುವುದು ವಿದ್ಯಾರ್ಥಿ ಹಾಕುವ ಒಟ್ಟು ಹೊತ್ತು. ಅವನು ಎಲ್ಲಿ ಕೂತು ಓದಿದ ಎಂಬುದಲ್ಲ.

ಈಗ 3 ಕ್ರೆಡಿಟ್‌ನ ಕೋರ್ಸ್ ತೆಗೆದುಕೊಳ್ಳಿ. ಪೂರ್ತಿ ಕಾಲೇಜಿನಲ್ಲೇ ನಡೆದರೆ ವಾರಕ್ಕೆ 3 ಗಂಟೆ ಪಾಠ, 6 ಗಂಟೆ ಮನೆಯ ಓದು, ಒಟ್ಟು 9. ಅದೇ ಕೋರ್ಸನ್ನು ಹೈಬ್ರಿಡ್ ಮಾಡಿ, ಪಾಠದ ಅರ್ಧವನ್ನು ಆನ್‌ಲೈನ್‌ಗೆ ಹಾಕಿದರು ಅನ್ನಿ. ಕ್ಲಾಸಿನಲ್ಲಿ ಉಳಿದದ್ದು ಒಂದೂವರೆ ಗಂಟೆ. ಮನೆಯ ಪಾಲು 6ರಿಂದ ಏಳೂವರೆಗೆ ಏರಿತು. ಒಟ್ಟು ಅದೇ 9. ಅಂದರೆ ನೀವು ಒಬ್ಬರೇ ಕೂತು ಮಾಡಬೇಕಾದ ಕೆಲಸ ಜಾಸ್ತಿಯೇ ಆಯಿತು. ನಿಮಗೆ ಉಳಿಯುವುದು ಓಡಾಟದ ಸಮಯ, ಜೊತೆಗೆ ಯಾವಾಗ ಓದಬೇಕು ಎಂಬ ಸ್ವಾತಂತ್ರ್ಯ. ಅದೇನು ಸಣ್ಣ ಲಾಭವಲ್ಲ. ಆದರೆ ಓದು ಮಾತ್ರ ಕಡಿಮೆಯಾಗಿಲ್ಲ.

ಇಷ್ಟು ಸರಳವಾದ ಲೆಕ್ಕ ತಲೆಗೆ ಹತ್ತದಿರಲು ಕಾರಣ ಟೈಮ್‌ಟೇಬಲ್. ಅದರಲ್ಲಿ ಒಂದು ದಿನ ಮಾತ್ರ ತುಂಬಿರುತ್ತದೆ, ಉಳಿದ ದಿನಗಳು ಖಾಲಿ. ಖಾಲಿ ಜಾಗ ನೋಡಿದರೆ ಬಿಡುವು ಅನ್ನಿಸುತ್ತದೆ. ಸೇರಿದ ದಿನವೇ ಆ ಏಳೂವರೆ ಗಂಟೆಯನ್ನು ನೀವೇ ಅದರಲ್ಲಿ ಬರೆದುಕೊಳ್ಳಿ, ದಿನ ಮತ್ತು ಹೊತ್ತಿನ ಸಮೇತ. ಎಲ್ಲವನ್ನೂ ಭಾನುವಾರಕ್ಕೆ ಹಾಕಬೇಡಿ.

ಇದೇ ಮಿಥ್ಯೆಗೆ ಇನ್ನೊಂದು ಕೊಂಬೆ ಇದೆ: "ವಿಡಿಯೊ ಅಲ್ವಾ, ಎರಡರ ಸ್ಪೀಡ್‌ನಲ್ಲಿ ನೋಡಿ ಮುಗಿಸಿಬಿಡ್ತೀನಿ." ನೋಡಿ ಮುಗಿಸಬಹುದು, ಕಲಿತು ಮುಗಿಸಲು ಆಗುವುದಿಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ನೆನಪಿದ್ದದ್ದನ್ನು ನೋಡದೆ ಬರೆಯಿತು. 5 ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಮಾಡಿದಾಗ ಲೆಕ್ಕ ತಿರುಗಿತು. ಬರೆದವರಿಗೆ ಶೇ. 56ರಷ್ಟು ನೆನಪಿತ್ತು, ಬರೀ ಓದಿದವರಿಗೆ ಶೇ. 42ರಷ್ಟು. ವಿಡಿಯೊ ಮುಗಿದ ತಕ್ಷಣ "ಎಲ್ಲಾ ಅರ್ಥ ಆಯ್ತು" ಅನ್ನಿಸುತ್ತದಲ್ಲ, ಅದು ಆ 5 ನಿಮಿಷದ ಅರ್ಥ.

ನಮ್ಮ ವಿಷಯದಲ್ಲಂತೂ ಇದು ಬೇಗ ಬಯಲಾಗುತ್ತದೆ. ಎಸ್‌ಕ್ಯುಎಲ್ ಅಂದರೆ ಡೇಟಾಬೇಸ್‌ನಲ್ಲಿ, ಅಂದರೆ ಟೇಬಲ್‌ಗಳಲ್ಲಿ ಜೋಡಿಸಿಟ್ಟ ಮಾಹಿತಿಯಲ್ಲಿ, ಬೇಕಾದದ್ದನ್ನು ಕೇಳಿ ಪಡೆಯುವ ಭಾಷೆ. ಅದರಲ್ಲಿ ಖಾಲಿ ಬಿಟ್ಟಿರುವ ಫೋನ್ ನಂಬರ್‌ಗಳನ್ನು ಹುಡುಕಬೇಕು ಅನ್ನಿ. ವಿಡಿಯೊ ಮಾತ್ರ ನೋಡಿದವರು 'ಫೋನ್ = ನಲ್' ಎಂದು ಬರೆಯುತ್ತಾರೆ. ಎರರ್ ಬರುವುದಿಲ್ಲ, ಒಂದು ಸಾಲೂ ಬರುವುದಿಲ್ಲ. ಎಲ್ಲರ ನಂಬರೂ ಇದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಬರೆಯಬೇಕಾದದ್ದು 'ಫೋನ್ ಈಸ್ ನಲ್'. ನಲ್ ಅಂದರೆ ಸೊನ್ನೆಯಲ್ಲ, ಖಾಲಿ ಅಕ್ಷರವೂ ಅಲ್ಲ. ಬೆಲೆ ಗೊತ್ತಿಲ್ಲ ಎಂಬ ಗುರುತು. ಗೊತ್ತಿಲ್ಲದ್ದನ್ನು ಯಾವುದಕ್ಕೂ ಸಮ ಎನ್ನಲಾಗದು. ಇದನ್ನು ನಾನು ಹತ್ತು ಸಲ ಹೇಳಿದರೂ ಹಿಡಿಯದವರು, ಒಮ್ಮೆ ತಾವೇ ಟೈಪ್ ಮಾಡಿ ಖಾಲಿ ಪರದೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಹಾಗಾಗಿ ವಿಡಿಯೊ ನಿಲ್ಲಿಸಿ, ಕೈಯಲ್ಲಿ ಮಾಡಿ, ಮತ್ತೆ ಮುಂದೆ ಹೋಗಿ. 20 ನಿಮಿಷದ ವಿಡಿಯೊ ಹೀಗೆ ಒಂದು ಗಂಟೆ ಹಿಡಿದರೆ ನೀವು ಹಿಂದೆ ಬಿದ್ದಿಲ್ಲ. ಸರಿಯಾಗಿ ಓದುತ್ತಿದ್ದೀರಿ.

ಸೇರುವ ಮೊದಲು ಕೇಳಿಕೊಳ್ಳಬೇಕಾದದ್ದು ಸ್ವಲ್ಪವೇ. ಆನ್‌ಲೈನ್ ಭಾಗ ಲೈವ್ ಆಗಿರುತ್ತದೋ, ರೆಕಾರ್ಡ್ ಆಗಿರುತ್ತದೋ? ಲೈವ್ ಆದರೆ ನಿಮ್ಮ ಕೆಲಸದ ಹೊತ್ತಿಗೆ ಅದು ಹೊಂದಬೇಕು. ಪರೀಕ್ಷೆ ಎಲ್ಲಿ? ಗ್ರೂಪ್ ಪ್ರಾಜೆಕ್ಟ್ ಇದೆಯಾ? ಇದ್ದರೆ ನಿಮ್ಮ ಹಾಗೆ ರಾತ್ರಿ ಬಿಡುವಿರುವವರನ್ನು ಮೊದಲ ವಾರವೇ ಹುಡುಕಿಕೊಳ್ಳಿ.

ಇನ್ನೊಂದು ಪ್ರಶ್ನೆ ನೀವು ಕೇಳಿಲ್ಲ. ಆದರೆ ಕೆಲಸದಲ್ಲಿ ಇರುವವರ ಮನಸ್ಸಿನಲ್ಲಿ ಇರುತ್ತದೆ ಎಂದು ನನಗೆ ಗೊತ್ತು: "ನಮ್ಮ ಆಫೀಸಿನಲ್ಲಿ ಎಲ್ಲಾ ಎಕ್ಸೆಲ್‌ನಲ್ಲೇ ನಡೆಯುತ್ತೆ. ಡೇಟಾಬೇಸ್ ಯಾಕೆ ಕಲಿಯಬೇಕು?"

2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದನ್ನು ನೋಡಿ. ಲ್ಯಾಬ್‌ಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಫೈಲ್‌ಗೆ ತುಂಬಿಸುತ್ತಿದ್ದರು. ಆ ಫೈಲಿನಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತವೆ. ಅದಕ್ಕಿಂತ ಹೆಚ್ಚಾದವು ಸದ್ದಿಲ್ಲದೆ ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕದಿಂದ ತಪ್ಪಿಹೋದವು. ಆ ಜನರಿಗೆ ತಮ್ಮ ಫಲಿತಾಂಶ ಸಿಕ್ಕಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ತಡವಾಯಿತು.

ಹೊಸ ಎಕ್ಸೆಲ್ 10,48,576 ಸಾಲು ಹಿಡಿಯುತ್ತದೆ, ನಿಜ. ಆದರೆ ತೊಂದರೆ ಸಾಲಿನ ಸಂಖ್ಯೆಯಷ್ಟೇ ಅಲ್ಲ. ಒಬ್ಬನ ವಿಳಾಸ ನಾಲ್ಕು ಶೀಟ್‌ಗಳಲ್ಲಿದ್ದು ಮೂರರಲ್ಲಿ ಮಾತ್ರ ಬದಲಾದರೆ, ಯಾವುದು ಸರಿ ಎಂದು ಯಾರು ಹೇಳುತ್ತಾರೆ? 1970ರಲ್ಲಿ ಐಬಿಎಂ ಕಂಪನಿಯ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯನ್ನು, ಅಂದರೆ ಮಾಹಿತಿಯನ್ನು ಒಂದಕ್ಕೊಂದು ಸಂಬಂಧವಿರುವ ಟೇಬಲ್‌ಗಳಲ್ಲಿ ಇಡುವ ಕ್ರಮವನ್ನು, ಮುಂದಿಟ್ಟರು. ಅದರಿಂದ ಬೆಳೆದ ಟೇಬಲ್ ಡಿಸೈನ್‌ನ ಮೂಲಪಾಠವೇ ಇದು: ಒಂದು ಸಂಗತಿಯನ್ನು ಒಂದೇ ಜಾಗದಲ್ಲಿ ಇಡಿ, ಬೇಕಾದ ಕಡೆಯಿಂದ ಅದಕ್ಕೆ ಕೊಂಡಿ ಹಾಕಿ. ಕೇಳಲು ಇಷ್ಟೇ. ಆದರೆ ಒಂದು ಕಾಲೇಜಿನ ವಿದ್ಯಾರ್ಥಿ, ಕೋರ್ಸ್, ಅಂಕ ಇವನ್ನು ಎಷ್ಟು ಟೇಬಲ್ ಮಾಡಬೇಕು ಎಂದು ಕೇಳಿದರೆ ಹತ್ತು ಜನ ಹತ್ತು ಥರ ಬರೆಯುತ್ತಾರೆ. ಅಂಕವನ್ನು ವಿದ್ಯಾರ್ಥಿಯ ಟೇಬಲ್‌ಗೆ ಹಾಕುವವರೇ ಜಾಸ್ತಿ. ಅದು ಅಲ್ಲಿ ಕೂರುವುದಿಲ್ಲ. ಒಬ್ಬ ವಿದ್ಯಾರ್ಥಿಗೆ ಹಲವು ಕೋರ್ಸ್, ಒಂದು ಕೋರ್ಸ್‌ಗೆ ಹಲವು ವಿದ್ಯಾರ್ಥಿಗಳು. ಅಂಕ ಸೇರುವುದು ಈ ಎರಡನ್ನೂ ಜೋಡಿಸುವ ಮೂರನೇ ಟೇಬಲ್‌ಗೆ.

ಇದು ಬೋರ್ಡಿನ ಮುಂದೆ ನಿಂತು, ಅಳಿಸಿ ಬರೆದು, ಪಕ್ಕದವರ ಜೊತೆ ವಾದ ಮಾಡಿ ಕಲಿಯುವ ಪಾಠ. ನಾನು ಇದನ್ನು ಯಾವಾಗಲೂ ಕ್ಲಾಸಿನ ದಿನಕ್ಕೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಕೋರ್ಸಿನಲ್ಲಿ ಟೇಬಲ್ ಡಿಸೈನ್ ಯಾವ ವಾರ ಬರುತ್ತದೆ ಎಂದು ಮೊದಲೇ ನೋಡಿಕೊಂಡು, ಆ ದಿನಕ್ಕೆ ಆಫೀಸಿನಲ್ಲಿ ಈಗಲೇ ರಜೆ ಕೇಳಿಬಿಡಿ.