ಐದು ತುಂಬಿದ ಮಗು ಯಾರಿಗೆ?

ಡೈವೋರ್ಸ್‌ ಬೇಕೆಂದು ಕಾನೂನು ಸಲಹೆಗೆ ನನ್ನ ಬಳಿ ಬರುವವರು ಕುರ್ಚಿಯಲ್ಲಿ ಕೂತ ಐದು ನಿಮಿಷದೊಳಗೆ ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ದಿನ ಹಿಡಿಯುತ್ತೆ? ಮಗು ಯಾರಿಗೆ ಸಿಗುತ್ತೆ?

ಮೊದಲನೆಯದಕ್ಕೆ ಉತ್ತರ ಸಲೀಸು. ಇಬ್ಬರೂ ಒಪ್ಪಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ ಕಲಂ 13ಬಿ ಅಡಿ ಜಂಟಿ ಅರ್ಜಿ. ಅದಕ್ಕೂ ಮುಂಚೆ ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಸೂಕ್ತ ಕಂಡರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್‌ ಹೇಳಿದೆ. ಒಬ್ಬರು ಒಪ್ಪದಿದ್ದರೆ ಕ್ರೌರ್ಯ, ಪರಿತ್ಯಾಗದಂಥ ಕಾರಣವನ್ನು ಸಾಬೀತು ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ಎರಡನೆಯ ಪ್ರಶ್ನೆ ಕೇಳುವವರ ತಲೆಯಲ್ಲಿ ಉತ್ತರ ಆಗಲೇ ಇರುತ್ತದೆ: "ಐದು ವರ್ಷದ ತನಕ ತಾಯಿಗೆ, ಆಮೇಲೆ ತಂದೆಗೆ ಅಲ್ವಾ ಮೇಡಂ?" ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ತಾಯಂದಿರು ಮಗುವಿನ ಐದನೇ ಹುಟ್ಟುಹಬ್ಬಕ್ಕೆ ಹೆದರಿ ಕೂತಿರುವುದನ್ನು ನೋಡಿದ್ದೇನೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಹೇಳುವುದು, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಮಾತ್ರ. ಐದು ತುಂಬಿದ ದಿನ ಮಗುವನ್ನು ಒಪ್ಪಿಸಿಬಿಡಬೇಕೆಂದು ಅದರಲ್ಲಿ ಎಲ್ಲೂ ಇಲ್ಲ. ಯಾವ ವಯಸ್ಸಿನಲ್ಲೂ ನ್ಯಾಯಾಧೀಶರು ನೋಡುವುದು ಮಗುವಿನ ಹಿತವನ್ನು. ತಿಳಿವಳಿಕೆ ಬಂದ ಮಗುವಾದರೆ ಅದರ ಮಾತನ್ನೂ ಕೇಳುತ್ತಾರೆ. ಪರಿಸ್ಥಿತಿ ಬದಲಾದರೆ ಆದೇಶವನ್ನೂ ಬದಲಿಸಿಕೊಳ್ಳಬಹುದು.

ಒಪ್ಪಂದ ಬರೆಯುವಾಗ "ವಾರಾಂತ್ಯ ತಂದೆಯ ಬಳಿ" ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅಸ್ತಮಾ ಇದ್ದ ಎಂಟು ವರ್ಷದ ಹುಡುಗನೊಬ್ಬನ ಇನ್‌ಹೇಲರ್‌ ಒಂದು ಭಾನುವಾರ ಅಪ್ಪನ ಮನೆಯಲ್ಲೇ ಉಳಿದುಹೋಯಿತು. ರಾತ್ರಿ ಹುಡುಗ ಆಸ್ಪತ್ರೆ ಸೇರಿದ. ಮರುದಿನ ನನ್ನ ಮುಂದೆ ಕೂತು ಅಪ್ಪ ಅಮ್ಮ ವಾದ ಮಾಡುತ್ತಿದ್ದುದು ಬ್ಯಾಗ್‌ಗೆ ಹಾಕಬೇಕಿದ್ದವರು ಯಾರು ಎಂದು. ಕೊನೆಗೆ ಒಪ್ಪಂದಕ್ಕೆ ಒಂದು ಷರತ್ತು ಸೇರಿಸಿದೆವು: ಎರಡೂ ಮನೆಯಲ್ಲಿ ಒಂದೊಂದು ಇನ್‌ಹೇಲರ್‌. ಅಂದಿನಿಂದ ದಸರೆ ರಜೆ, ಶಾಲೆಯ ಸಹಿ, ವಿಡಿಯೋ ಕರೆಯ ಹೊತ್ತು, ಪಾಸ್‌ಪೋರ್ಟ್‌ ಯಾರ ಬಳಿ ಎಂಬುದನ್ನೆಲ್ಲ ಕೇಳಿ ಕೇಳಿ ಬರೆಸುತ್ತೇನೆ.

"ಮಗು ತೋರಿಸಲ್ಲ ಅಂದ್ರೆ ನಾನ್ಯಾಕೆ ದುಡ್ಡು ಕೊಡ್ಲಿ?" ಎನ್ನುತ್ತಾರೆ ಅಪ್ಪಂದಿರು. "ದುಡ್ಡು ಬರೋ ತನಕ ಮಗು ಕಳಿಸಲ್ಲ" ಎನ್ನುತ್ತಾರೆ ಅಮ್ಮಂದಿರು. ಇಬ್ಬರದೂ ತಪ್ಪು. ಮಗುವಿನ ಜೀವನಾಂಶ ಬೇರೆ, ಭೇಟಿಯ ಆದೇಶ ಬೇರೆ. ಭೇಟಿಗೆ ಅಡ್ಡಿಯಾದರೆ ಆದೇಶ ಜಾರಿಗೆ ಅರ್ಜಿ ಹಾಕಿ. ಮಗುವಿನ ಹಾಲು, ಫೀಸು ನಿಲ್ಲಿಸಬೇಡಿ. ಆದಾಯ ಮುಚ್ಚಿಡುವುದೂ ಈಗ ಸುಲಭವಲ್ಲ. ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್‌ ಕೊಡಬೇಕೆಂದು ಸುಪ್ರೀಂ ಕೋರ್ಟ್‌ 2020ರಲ್ಲೇ ಹೇಳಿದೆ.

ವಿಚ್ಛೇದನವಾದ ಮೇಲೆ ತಾಯಿಯಾಗಬಹುದೇ ಎಂದು ಕೇಳುವವರು ಇದ್ದಾರೆ. ಖಂಡಿತ ಆಗಬಹುದು. ಒಂಟಿ ಮಹಿಳೆ ಗಂಡು ಮಗುವನ್ನೋ ಹೆಣ್ಣು ಮಗುವನ್ನೋ ದತ್ತು ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣು ಮಗುವನ್ನು ಕೊಡುವುದಿಲ್ಲ. 35ರಿಂದ 45 ವರ್ಷದೊಳಗಿನ ವಿಧವೆ, ವಿಚ್ಛೇದಿತೆಗೆ ಬಾಡಿಗೆ ತಾಯ್ತನದ ದಾರಿಯನ್ನೂ 2021ರ ಕಾಯ್ದೆ ತೆರೆದಿಟ್ಟಿದೆ, ಆದರೆ ಹಣದ ವ್ಯವಹಾರ ನಿಷಿದ್ಧ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಛಾಪಾ ಕಾಗದದ ದತ್ತು. ಒಮ್ಮೆ ದಂಪತಿಯೊಬ್ಬರು ನಾಲ್ಕು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಕೈಯಲ್ಲಿ ನೋಟರಿ ಸಹಿಯ ಒಂದು ಹಾಳೆ, ಮಧ್ಯವರ್ತಿಗೆ ಹಣ ಕೊಟ್ಟಾಗಿತ್ತು. ಹೆತ್ತವರು ಯಾರೆಂದೇ ಗೊತ್ತಿಲ್ಲ. ಅನಾಥ, ಪರಿತ್ಯಕ್ತ ಮಕ್ಕಳನ್ನು ಪಡೆಯಬೇಕಾದದ್ದು ಕೇಂದ್ರೀಯ ದತ್ತು ಪ್ರಾಧಿಕಾರದಲ್ಲಿ ನೋಂದಾಯಿಸಿ, ಕೊನೆಗೆ ಜಿಲ್ಲಾಧಿಕಾರಿಯ ಆದೇಶದಿಂದ. ವರ್ಷಗಟ್ಟಲೆ ಕಾಯಬೇಕು ನಿಜ. ಆದರೆ ಆ ದಾರಿ ಬಿಟ್ಟು ಪಡೆದರೆ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಮಗುವನ್ನು ಹಣಕ್ಕೆ ಕೊಂಡದ್ದೆಂದಾದರೆ ಶಿಕ್ಷೆ ಇನ್ನೂ ಹೆಚ್ಚು.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಲೇಬೇಕು ಎಂದೆ. "ಇವತ್ತೇ ಬಿಟ್ಟು ಬರ್ಬೇಕಾ ಮೇಡಂ?" ಎಂದರು ಆಕೆ. ಕೂಸಿನ ಮುಷ್ಟಿಯೊಳಗೆ ಅವರ ಸೆರಗಿನ ಅಂಚಿತ್ತು. ಅದನ್ನು ಸಮಿತಿ ನಿರ್ಧರಿಸುತ್ತದೆ ಎಂದು ಹೇಳಿ, ನಾನೂ ಜೊತೆಗೆ ಹೊರಟೆ.